ಕುತ್ತಿಗೆ ಮುಟ್ಟಿದರೆ ಏನೇನು ಸಿಗುತ್ತದೆ?

ಗಂಟಲ ಮುಂದೆ, ನಟ್ಟನಡುವೆ ಬೆರಳಿಡಿ. ಗಟ್ಟಿಯಾದ ಉಬ್ಬು ಸಿಗುತ್ತದೆ, ಅಲ್ವಾ? ಅದು ಥೈರಾಯ್ಡ್ ಮೃದ್ವಸ್ಥಿ, ಅಂದರೆ ಮೂಳೆಗಿಂತ ಮೆತ್ತಗಿನ, ಬಾಗುವ ಎಲುಬು. ಇದರ ಎರಡು ಹಲಗೆಗಳು ಗಂಡಸರಲ್ಲಿ ಸುಮಾರು 90 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಅದಕ್ಕೇ ಮೊನಚಾಗಿ ಎದ್ದು ಕಾಣುತ್ತದೆ. ಹೆಂಗಸರಲ್ಲಿ ಕೋನ 120ರ ಹತ್ತಿರ. ಈಗ ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸಿ. ಒಂದು ಸಣ್ಣ ತಗ್ಗು, ಅದರ ಕೆಳಗೆ ಇನ್ನೊಂದು ಗಟ್ಟಿ ಬಳೆ. ಬಳೆಯ ಹೆಸರು ಕ್ರೈಕಾಯ್ಡ್.

ನಮಗೆ ಬೇಕಾದ್ದು ನಡುವಿನ ಆ ತಗ್ಗು. ಎತ್ತರ ಸುಮಾರು 1 ಸೆಂ.ಮೀ. ಅಷ್ಟೇ. ಅಲ್ಲಿ ಚರ್ಮ ದಾಟಿದರೆ ಒಂದು ಪೊರೆ, ಪೊರೆ ದಾಟಿದರೆ ಉಸಿರಿನ ದಾರಿ. ಅಪಘಾತದಲ್ಲಿ ಮುಖ ಜಜ್ಜಿಹೋಗಿ, ಇಲ್ಲವೇ ಗಂಟಲು ಊದಿಕೊಂಡು, ಬಾಯಿಯಿಂದ ಕೊಳವೆ ಇಳಿಸಲು ಆಗದೇ ಹೋದರೆ ವೈದ್ಯರು ಇಲ್ಲೇ ಕೊಯ್ದು ಕೊಳವೆ ತೂರಿಸುತ್ತಾರೆ. ಆಗ ಉಳಿದಿರುವುದು ಕೆಲವೇ ನಿಮಿಷ. ದಪ್ಪ ಕುತ್ತಿಗೆಯಲ್ಲಿ, ಹೆಂಗಸರಲ್ಲಿ ಈ ಜಾಗ ಬೆರಳಿಗೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ತೊಂದರೆ ಆಗಬಹುದು ಅನ್ನಿಸಿದ ರೋಗಿಗೆ ಅರಿವಳಿಕೆ ಕೊಡುವ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುವುದುಂಟು. ಸಿನಿಮಾ ನೋಡಿ ನೀವು ಚಾಕು ಹಿಡಿದು ಹೊರಡಬೇಡಿ, ಅಕ್ಕಪಕ್ಕದಲ್ಲೇ ರಕ್ತನಾಳಗಳಿವೆ.

ಉಬ್ಬಿನಿಂದ ಪಕ್ಕಕ್ಕೆ ಸರಿದರೆ ತಲೆಗೆ ರಕ್ತ ಒಯ್ಯುವ ಕೆರೊಟಿಡ್ ನಾಡಿ ಬಡಿಯುತ್ತದೆ. ಮೃದ್ವಸ್ಥಿಯ ಮೇಲಂಚಿನ ಮಟ್ಟದಲ್ಲಿ ಈ ರಕ್ತನಾಳ ಎರಡಾಗಿ ಕವಲೊಡೆಯುತ್ತದೆ. ರಕ್ತದ ಒತ್ತಡವನ್ನು ಅಳೆಯುವ ನರಗಳಿರುವುದು ಅಲ್ಲೇ. ಜೋರಾಗಿ ಒತ್ತಿದರೆ ಒತ್ತಡ ಜಾಸ್ತಿಯಾಯಿತೆಂದು ನರಗಳು ಮೋಸಹೋಗಿ, ಎದೆಬಡಿತ ನಿಧಾನವಾಗುತ್ತದೆ, ವಯಸ್ಸಾದವರು ತಲೆಸುತ್ತಿ ಬೀಳಬಹುದು. ಎರಡೂ ಕಡೆ ಒಟ್ಟಿಗೆ ಒತ್ತಲೇಬಾರದು. ಕ್ಷೌರ ಮುಗಿದ ಮೇಲೆ ಸುಮ್ನೆ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವ ಚಟ ಇದ್ದರೆ ಅದನ್ನೂ ಬಿಡಿ. ಹಾಗೆ ತಿರುಚಿದಾಗ ಬೆನ್ನುಮೂಳೆಯೊಳಗೆ ಹಾದುಹೋಗುವ ರಕ್ತನಾಳ ಸೀಳಿ, ಅಪರೂಪಕ್ಕೆ ಲಕ್ವ ಹೊಡೆದದ್ದಿದೆ.

ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ವೈದ್ಯರು ನೀರು ನುಂಗಲು ಹೇಳುತ್ತಾರೆ. ಥೈರಾಯ್ಡ್ ಗ್ರಂಥಿ (ಹೆಸರು ಒಂದೇ, ಆದರೆ ಮೇಲೆ ಹೇಳಿದ ಮೃದ್ವಸ್ಥಿಯಲ್ಲ) ಗಂಟಲ ಮೃದ್ವಸ್ಥಿಗಳಿಗೆ ಅಂಟಿಕೊಂಡಿರುವುದರಿಂದ ನುಂಗಿದಾಗ ಅದರ ಗಡ್ಡೆಯೂ ಮೇಲೇರುತ್ತದೆ. ನಾಲಿಗೆ ಚಾಚಿದಾಗಲೂ ಮೇಲೆದ್ದರೆ, ಗ್ರಂಥಿ ಹುಟ್ಟುವಾಗ ನಾಲಿಗೆಯ ಬುಡದಿಂದ ಇಳಿದ ದಾರಿಯಲ್ಲಿ ಉಳಿದುಕೊಂಡ ನೀರುಗುಳ್ಳೆ ಇರಬಹುದು.

ಎಡಗಡೆ ಕಾಲರ್ ಮೂಳೆಯ ಮೇಲಿನ ಗುಳಿಯದ್ದು ಬೇರೆಯೇ ಕತೆ. ಹೊಟ್ಟೆಯ ಕಡೆಯಿಂದ ದುಗ್ಧರಸವನ್ನು (ಅಂಗಾಂಶಗಳಿಂದ ಬಸಿದ ದ್ರವವನ್ನು) ತರುವ ನಾಳ ಅಲ್ಲೇ ದೊಡ್ಡ ರಕ್ತನಾಳ ಸೇರುತ್ತದೆ, ಹೊಟ್ಟೆಯ ಕ್ಯಾನ್ಸರ್ ಕಣಗಳೂ ಅದೇ ದಾರಿಯಲ್ಲಿ ಬಂದು ನಿಲ್ಲಬಹುದು. ಅಲ್ಲಿ ನೋವಿಲ್ಲದ, ಗಟ್ಟಿಯಾದ ಗಂಟು ಸಿಕ್ಕರೆ ವೈದ್ಯರು ಕುತ್ತಿಗೆ ಬಿಟ್ಟು ಜಠರದಲ್ಲಿ ಕ್ಯಾನ್ಸರ್ ಇದೆಯೇ ಎಂದು ಹುಡುಕಲು ಶುರುಮಾಡುತ್ತಾರೆ.