ಸೋರುವ ಮಾಳಿಗೆಯ ಕೆಳಗೊಂದು ಗಿಟಾರು

ವೈಟ್‌ಫೀಲ್ಡ್‌ನ ಹದಿನಾಲ್ಕನೆಯ ಮಹಡಿಯಲ್ಲಿ ಬೆಳೆದ ನನ್ನ ಅಕ್ಕನ ಮಗಳಿಗೆ ರ‍್ಯಾಪರ್ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ ಬಾಯಿಪಾಠವಾಗಿದೆ. ಅವಳಿಗೆ ಒಂದೇ ಒಂದು ಕನ್ನಡ ಬ್ಯಾಂಡಿನ ಹೆಸರು ಹೇಳಲು ಬರಲಿಲ್ಲ. ಕಳೆದ ಯುಗಾದಿಗೆ ಮನೆಗೆ ಬಂದವಳು, ಸಿನಿಮಾದ್ದಲ್ಲದ ಕನ್ನಡ ಹಾಡು ಕೇಳಬೇಕೆಂದರೆ ಎಲ್ಲಿಂದ ಶುರು ಮಾಡಬೇಕು ಮಾಮ ಎಂದು ಕೇಳಿದಳು. ಒಂದೇ ಹಾಡಿನ ಎರಡು ಧ್ವನಿಮುದ್ರಣಗಳನ್ನು ಅವಳ ಫೋನಿಗೆ ಕಳುಹಿಸಿದೆ. ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ಯನ್ನು ಒಂದರಲ್ಲಿ ಸಿ. ಅಶ್ವತ್ಥ್ ಹಾಡಿದ್ದರು, ಇನ್ನೊಂದರಲ್ಲಿ ರಘು ದೀಕ್ಷಿತ್. ಬೆಂಗಳೂರಿನ ಚಿತ್ರೇತರ ಕನ್ನಡ ಸಂಗೀತದ ಕಥೆಯ ಬಹುಪಾಲು ಈ ಎರಡು ದನಿಗಳ ನಡುವಿನ ಅಂತರದಲ್ಲೇ ಇದೆಯೆಂಬುದು ನನ್ನ ಅಭಿಪ್ರಾಯ.

ಇಂಥ ಸಂಗೀತಕ್ಕೆ ಈಗ ಬಳಸುವ ‘ಇಂಡೀ’ ಎಂಬ ಮಾತಿನ ಅರ್ಥವನ್ನು ಮೊದಲು ತಿಳಿಗೊಳಿಸಿಕೊಳ್ಳಬೇಕು. ಆ ಮಾತು ಹುಟ್ಟಿದ ಕಡೆ ಅದು ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಂಗಿಲ್ಲದ ಸಂಗೀತವನ್ನು ಸೂಚಿಸುತ್ತಿತ್ತು. ನಮ್ಮಲ್ಲಿ ಆಡಿಯೋ ಸಂಸ್ಥೆಗಳೂ ಎಫ್‌ಎಂ ವಾಹಿನಿಗಳೂ ಟಿವಿಯೂ ಸಿನಿಮಾ ಹಾಡನ್ನೇ ನೆಚ್ಚಿಕೊಂಡಿರುವುದರಿಂದ, ಸಿನಿಮಾಕ್ಕೆ ಸೇರದ ಹಾಡಷ್ಟೇ ಇಂಡೀ ಎನಿಸಿಕೊಳ್ಳುತ್ತದೆ. ಈ ಅಳತೆಯಲ್ಲಿ ನೋಡಿದರೆ ಭಾವಗೀತೆ, ಆ ಪದವೇ ಬಾರದ ಕಾಲದ ಇಂಡೀ. ಸಿನಿಮಾದಲ್ಲೂ ದುಡಿದ ಪಿ. ಕಾಳಿಂಗರಾಯರು ಸೋಹನ್ ಕುಮಾರಿ, ಮೋಹನ್ ಕುಮಾರಿಯವರೊಡನೆ ಊರೂರು ತಿರುಗಿ ಕವಿಗಳ ಪದ್ಯಗಳನ್ನು ಹಾಡಿದಾಗ ಕೇಳುಗರನ್ನು ಸೆಳೆಯಲು ನಾಯಕ ನಟನ ಮುಖ ಬೇಕಾಗಿರಲಿಲ್ಲ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಕವಿತೆ ಸಭಾಭವನದಿಂದ ಮನೆಯ ಟೇಪ್ ರೆಕಾರ್ಡರಿಗೆ ಇಳಿಯಿತು. ಆ ದಿನಗಳಲ್ಲಿ ಹೊಸ ಕೇಳುಗರಿಗೆ ಹಾಡನ್ನು ಪರಿಚಯಿಸುತ್ತಿದ್ದುದು ಆಕಾಶವಾಣಿ. ‘ರಚನೆ’ ಎಂದು ಕವಿಯ ಹೆಸರನ್ನು ಹೇಳದೆ ಉದ್ಘೋಷಕರು ಹಾಡು ಹಾಕುತ್ತಿರಲಿಲ್ಲ. ಇಂದಿನ ಆ್ಯಪುಗಳಲ್ಲಿ ಆ ಹೆಸರನ್ನು ಹುಡುಕಿ ತೆಗೆಯಬೇಕಾಗಿದೆ, ಕೆಲವೊಮ್ಮೆ ಹುಡುಕಿದರೂ ಸಿಗುವುದಿಲ್ಲ.

ಇದೇ ಊರಿನಲ್ಲಿ ಇನ್ನೊಂದು ಸಂಗೀತವೂ ಬೆಳೆಯುತ್ತಿತ್ತು. ದಂಡು ಪ್ರದೇಶದ ಇಂಗ್ಲಿಷ್ ಬದುಕಿನಿಂದ ಬಂದ ರಾಕ್ ಸಂಗೀತ 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ಬ್ಯಾಂಡುಗಳನ್ನು ಹುಟ್ಟಿಸಿತು. 1996ರಲ್ಲಿ ಸ್ವಾತಂತ್ರ್ಯ ದಿನದ ‘ಫ್ರೀಡಂ ಜಾಮ್’ ಸಂಗೀತೋತ್ಸವ ಆರಂಭವಾಯಿತು. ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಕಟ್ಟಿಕೊಂಡದ್ದೂ ಅದೇ ವರ್ಷ. ಹೆವಿ ಮೆಟಲ್ ನುಡಿಸುವ ಕ್ರಿಪ್ಟೋಸ್ 1998ರಲ್ಲಿ ಬಂತು. ದೇಶದ ರಾಕ್ ರಾಜಧಾನಿಯೆಂಬ ಬಿರುದು ನಗರಕ್ಕೆ ಅಂಟಿತಾದರೂ ಅದು ಇಂಗ್ಲಿಷಿನಲ್ಲಿ ಗಳಿಸಿದ ಬಿರುದಾಗಿತ್ತು. ಈ ಎರಡು ಲೋಕಗಳ ದೂರವನ್ನು ಅಳೆಯಲು ಅರಮನೆ ಮೈದಾನವೊಂದೇ ಸಾಕು. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ 2005ರಲ್ಲಿ ಜನಸಾಗರವನ್ನು ಸೇರಿಸಿದ್ದು ಅಲ್ಲಿಯೇ, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ವಿದೇಶಿ ಮೆಟಲ್ ಬ್ಯಾಂಡುಗಳು ನುಡಿಸಿದ್ದೂ ಅಲ್ಲಿಯೇ. ಮೂರಕ್ಕೂ ಹೋದವರು ಇದ್ದಿರಬಹುದು. ನನಗೆ ಪರಿಚಯವಿರುವ ಅಂಥವರು ಇಬ್ಬರೇ.

ಮೈಸೂರಿನಲ್ಲಿ ಸೂಕ್ಷ್ಮಜೀವವಿಜ್ಞಾನ ಓದಿ, ಭರತನಾಟ್ಯ ಕಲಿತು, ‘ಅಂತರಾಗ್ನಿ’ ಎಂಬ ಬ್ಯಾಂಡ್ ಕಟ್ಟಿ, ಆಮೇಲೆ ಬೆಂಗಳೂರನ್ನು ನೆಲೆಯಾಗಿಸಿಕೊಂಡ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂತು. ಸಿನಿಮಾದ ಹೊರಗಿನ ಹಾಡೆಂದು ನಾವು ಕೊಂಡಾಡುವ ಆ ಆಲ್ಬಮನ್ನು ಹೊರತಂದದ್ದು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ ಎಂಬುದನ್ನೂ ಹೇಳಬೇಕು. ಅದರಲ್ಲಿ ‘ಸೋರುತಿಹುದು’ ಮತ್ತು ‘ಗುಡುಗುಡಿಯ ಸೇದಿ ನೋಡೋ’ ಎಂಬ ಶರೀಫರ ಎರಡು ಪದಗಳಿದ್ದವು. 2010ರಲ್ಲಿ ರಘು ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2013ರ ‘ಜಗ್ ಚಂಗಾ’ ಆಲ್ಬಂನಲ್ಲಿ ಶರೀಫರ ‘ಲೋಕದ ಕಾಳಜಿ’ ಬಂತು.

ಇಷ್ಟು ಕವಿಗಳಿರುವ ನಾಡಿನಲ್ಲಿ ಶರೀಫರೇ ಏಕೆ ಎಂಬ ಪ್ರಶ್ನೆಗೆ ಭಕ್ತಿಯ ಉತ್ತರ ಸುಲಭ, ಆದರೆ ಅದು ಸಾಲದು. ಶರೀಫರು ಕಟ್ಟಿದ್ದು ತತ್ವಪದ, ಅದು ಹಾಡಿಕೊಂಡೇ ಬೆಳೆದ ಪ್ರಕಾರ. ಏಕತಾರಿ, ದಮ್ಮಡಿಗಳ ಜೊತೆಗೆ ಒಬ್ಬರು ನುಡಿಯನ್ನು ಹಾಡಿದರೆ ಸುತ್ತ ಕುಳಿತವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಭಜನೆಯ ಕಟ್ಟೆಯಿಂದ ಇದನ್ನು ಡ್ರಮ್ಸ್ ಇರುವ ವೇದಿಕೆಗೆ ತಂದರೆ ಹಾಡಿನ ಕಟ್ಟಿಗೆ ಏನೂ ಆಗುವುದಿಲ್ಲ, ಹಿಮ್ಮೇಳದ ಜಾಗಕ್ಕೆ ಸಭಿಕರು ಬಂದು ನಿಲ್ಲುತ್ತಾರೆ, ಅಷ್ಟೆ. ಮೇಲಾಗಿ 1990ರಲ್ಲಿ ಬಂದ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರ ಮತ್ತು ಅಶ್ವತ್ಥರ ಕ್ಯಾಸೆಟ್ಟುಗಳು ಈ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದವು. ಹೊಸ ವಾದ್ಯದ ಮುಂದೆ ಹಿಂಜರಿಯುವ ಕೇಳುಗನನ್ನು ಪರಿಚಿತ ಮಾತು ಕೈಹಿಡಿದು ಒಳಗೆ ಕರೆಯಿತು.

ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾರಣವೂ ಇದೆಯೆಂದು ನಾನು ಊಹಿಸುತ್ತೇನೆ. ನಮ್ಮ ಕಾನೂನಿನ ಪ್ರಕಾರ ಕೃತಿಯ ಹಕ್ಕುಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಹಾಡಲು ಯಾರ ಅಪ್ಪಣೆಯೂ ಬೇಡ. ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡವರು. ಅವರ ಕವಿತೆಯನ್ನು ಆಲ್ಬಮ್ಮಿಗೆ ಬಳಸುವ ಬ್ಯಾಂಡು ಅನುಮತಿ ಪಡೆಯಬೇಕು. ಜೇಬಿನಲ್ಲಿ ಸ್ಟುಡಿಯೋ ಬಾಡಿಗೆಗಷ್ಟೇ ಹಣವಿರುವ ಹುಡುಗರು ವಚನ, ದಾಸರಪದ, ಜನಪದ ಗೀತೆಗಳ ಕಡೆ ತಿರುಗಿದ್ದರಲ್ಲಿ ಈ ಲೆಕ್ಕಾಚಾರಕ್ಕೂ ಪಾಲಿರಬೇಕು.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡ್, 2009ರ ತನ್ನ ಮೊದಲ ಆಲ್ಬಂನಲ್ಲಿ ಹಿಂದಿಯ ನಡುವೆ ‘ಈ ಭೂಮಿ’ ಎಂಬ ಕನ್ನಡ ಹಾಡನ್ನಿಟ್ಟಿತು. ವಾಸು ತಮ್ಮದೇ ತಂಡದೊಡನೆ ಹಾಡುವ ‘ನೋಡಿವಳಂದವ’ ನನ್ನ ಮಟ್ಟಿಗೆ ಈ ದಾರಿಯ ಅತಿ ಸೊಗಸಾದ ಹಾಡು. ಜನಪದದ ಲಯವನ್ನು ಅಲ್ಲಿ ಗಿಟಾರು ಹಿಂಬಾಲಿಸುತ್ತದೆಯೇ ಹೊರತು ಎಳೆದಾಡುವುದಿಲ್ಲ. ‘ನಾತಿಚರಾಮಿ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿಯವರು ಅದಕ್ಕೂ ಮೊದಲು, 2012ರಲ್ಲಿ, ವೇದಾಂತ್ ಭಾರದ್ವಾಜರೊಡನೆ ಕಬೀರರ ಪದಗಳ ‘ಸುನೋ ಭಾಯಿ’ ಆಲ್ಬಂ ಮಾಡಿದ್ದರು. ಮಾದಪ್ಪನ ‘ಸೋಜುಗಾದ ಸೂಜುಮಲ್ಲಿಗೆ’ಯಂತೂ 2020ರ ಶಿವರಾತ್ರಿಯಂದು ಅನನ್ಯಾ ಭಟ್ ಹಾಡಿದ ಮೇಲೆ ಕನ್ನಡ ಬಾರದವರ ಬಾಯಲ್ಲೂ ನಲಿಯಿತು. ಅದು ಮರುವರ್ಷ ‘ಗರುಡ ಗಮನ ವೃಷಭ ವಾಹನ’ ಚಿತ್ರವನ್ನೂ ಸೇರಿತು. ಬೆಂಗಳೂರಿನದಾದರೂ ಪರ್ವಾಜ್ ಬ್ಯಾಂಡ್ ಹಾಡುವುದು ಉರ್ದು, ಕಾಶ್ಮೀರಿಗಳಲ್ಲಿ. ಅಗಂ ಬ್ಯಾಂಡ್ ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್‌ಗೆ ಬೆಸೆಯುತ್ತದೆ. ಇವರನ್ನು ಕೇಳಬೇಡಿ ಎನ್ನಲಾರೆ, ಆದರೆ ಈ ಲೇಖನದ ಎಳೆ ಬೇರೆ.

ಹಾಡುಗಳಿದ್ದರೂ ಹಾಡುವ ಜಾಗದ್ದೇ ತೊಂದರೆ. ಪಬ್ಬು, ರೆಸ್ಟೋರೆಂಟುಗಳ ಸಂಗೀತಕ್ಕೆ ಪೊಲೀಸರ ಪರವಾನಗಿ ಕಡ್ಡಾಯಗೊಳಿಸುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ‘ಲೈವ್ ಬ್ಯಾಂಡ್’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಬೇರೆಯೇ ವ್ಯವಹಾರವನ್ನೂ ಹತೋಟಿಗೆ ತರಬೇಕಿದ್ದ ಆ ಆದೇಶದ ಬಿಸಿ, ಗಿಟಾರು ಹಿಡಿದು ಕೂತವರಿಗೂ ತಟ್ಟಿತು. ಆ ವರ್ಷ ಅನೇಕ ಕಡೆ ವೇದಿಕೆಗಳು ಮೌನವಾದವು. ಇಂದಿರಾನಗರದಲ್ಲಿ 2013ರಿಂದ ನಡೆಯುತ್ತಿದ್ದ ಹಮ್ಮಿಂಗ್ ಟ್ರೀ ಎಂಬ ಸಂಗೀತದ ತಾಣ 2019ರಲ್ಲಿ ಬಾಗಿಲು ಹಾಕಿತು. ಮರುವರ್ಷ ಕೊರೊನಾ ಬಂತು. ಕನ್ನಡದಲ್ಲಿ ಹಾಡುವ ಬ್ಯಾಂಡುಗಳಿಗೆ ತಪ್ಪದೆ ಕರೆ ಬರುವ ತಿಂಗಳೆಂದರೆ ನವೆಂಬರ್. ಐಟಿ ಕಂಪನಿಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕರೆಸುತ್ತವೆ, ಶಾಲು ಹೊದಿಸುತ್ತವೆ, ಡಿಸೆಂಬರಿನಲ್ಲಿ ಮರೆಯುತ್ತವೆ.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಆರಂಭವಾದದ್ದು ಈ ನಗರದಲ್ಲಿಯೇ ಆದರೂ ಅದರ ಲಾಭ ಚಿತ್ರೇತರ ಹಾಡಿಗೆ ಹೆಚ್ಚು ದೊರೆಯಲಿಲ್ಲ. ದಾರಿ ತೆರೆದದ್ದು ಯೂಟ್ಯೂಬ್, ಆಮೇಲೆ 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ರ‍್ಯಾಪರುಗಳು. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ಹಾಡಿದಾಗ ಭಾಷೆ ಬಹುಪಾಲು ಇಂಗ್ಲಿಷಾಗಿತ್ತು. ಚಂದನ್ ಶೆಟ್ಟಿ, ‘ಆಲ್ ಓಕೆ’ ಎಂಬ ಹೆಸರಿನ ಗಾಯಕ ಕನ್ನಡ ರ‍್ಯಾಪನ್ನು ಮದುವೆಮನೆಯವರೆಗೂ ಒಯ್ದರೆ, ಎಂಸಿ ಬಿಜ್ಜು, ರಾಹುಲ್ ಡಿಟ್ಟೋ, ಸಿರಿ ಮುಂತಾದವರು ಅದನ್ನು ಬೀದಿಯ ಮಾತಿಗೆ ಹತ್ತಿರ ತಂದರು. ನನ್ನ ತಲೆಮಾರಿನವರು ಮೂಗು ಮುರಿಯುವ ಈ ಪ್ರಕಾರದಲ್ಲೇ ಹೊಸ ಸಾಹಿತ್ಯ ಹುಟ್ಟುತ್ತಿದೆ ಎಂಬುದನ್ನು ಒಪ್ಪಬೇಕು. ಬ್ಯಾಂಡುಗಳು ಇನ್ನೂ ಪೂರ್ವಿಕರ ಗಂಟನ್ನೇ ಬಿಚ್ಚುತ್ತಿವೆ. ಶರೀಫರು ಎಷ್ಟು ದೊಡ್ಡವರಾದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನ ಬಗ್ಗೆ ಅವರು ಪದ ಕಟ್ಟಿಲ್ಲ. ಸಿನಿಮಾದಲ್ಲಿ ಹೆಸರು ಮಾಡಿದ ಸಂಜಿತ್ ಹೆಗ್ಡೆ ‘ನಂಗೆ ಅಲ್ಲವಾ’ದಂಥ ಸ್ವತಂತ್ರ ಹಾಡನ್ನು ಈಚೆಗೆ ಹೊರತಂದಿರುವುದು ಈ ಕೊರತೆಯನ್ನು ಇನ್ನೊಂದು ಬದಿಯಿಂದ ತುಂಬುವ ಪ್ರಯತ್ನದಂತೆ ಕಾಣುತ್ತದೆ.

ಅಕ್ಕನ ಮಗಳು ವಾರ ಬಿಟ್ಟು ಉತ್ತರ ಕಳುಹಿಸಿದಳು. ರಘು ದೀಕ್ಷಿತರ ಹಾಡನ್ನು ನಾಲ್ಕು ಸಲ ಕೇಳಿದ್ದಾಳಂತೆ, ಅಶ್ವತ್ಥರದ್ದು ಒಂದು ಸಲ. ‘ಮಾಳಿಗಿ ಅಂದ್ರೆ ನಮ್ಮ ಮೇಲಿನ ಫ್ಲ್ಯಾಟಾ ಮಾಮ? ಅವರ ಬಾತ್‌ರೂಮಿಂದ ನಮ್ಮನೆಗೆ ಸೋರ್ತಿದೆ’ ಎಂದು ಬರೆದಿದ್ದಳು. ಹೌದು ಎಂದು ಉತ್ತರಿಸಿ, ‘ನೋಡಿವಳಂದವ’ ಕಳುಹಿಸಿದೆ.