ಕ್ಯಾಂಡಿಡೇಟ್ ತೊಟ್ಟ ಬಿಳಿ ಬಟ್ಟೆ

ಪ್ರಶ್ನೆ: ಚುನಾವಣೆಗೆ ನಿಂತವರನ್ನು ‘ಕ್ಯಾಂಡಿಡೇಟ್’ ಅನ್ನುತ್ತೇವಲ್ಲ, ಈ ಪದ ಎಲ್ಲಿಂದ ಬಂತು? ನಮ್ಮ ‘ಅಭ್ಯರ್ಥಿ’ಯ ಅರ್ಥವೂ ಅದೇನಾ?

ಉತ್ತರ: ಎರಡೂ ಒಬ್ಬರನ್ನೇ ಕುರಿತ ಮಾತು, ಹುಟ್ಟು ಮಾತ್ರ ಬೇರೆ. ‘ಕ್ಯಾಂಡಿಡೇಟ್’ ಎಂದರೆ ಮೂಲದಲ್ಲಿ ಬೆಳ್ಳಗೆ ಹೊಳೆಯುವ ಬಟ್ಟೆ ತೊಟ್ಟವನು, ಅಷ್ಟೇ.

ಪ್ರಾಚೀನ ರೋಮಿನಲ್ಲಿ ನಾಗರಿಕರು ಹೊದೆಯುತ್ತಿದ್ದ ಟೋಗಾ ಉಣ್ಣೆಯದು, ಬಣ್ಣ ಮಾಸಲು ಬಿಳಿ. ಪದವಿಗೆ ಸ್ಪರ್ಧಿಸುವವನು ಅದಕ್ಕೆ ಸೀಮೆಸುಣ್ಣ ತಿಕ್ಕಿಸಿ, ಕಣ್ಣು ಕುಕ್ಕುವಷ್ಟು ಬೆಳ್ಳಗೆ ಮಾಡಿಸಿಕೊಂಡು ಊರ ನಡುವಿನ ಚೌಕಕ್ಕೆ ಬರುತ್ತಿದ್ದ. ಎದುರಾದವರ ಹೆಸರನ್ನು ಕಿವಿಯಲ್ಲಿ ಉಸುರಲು ಪಕ್ಕದಲ್ಲೊಬ್ಬ ಗುಲಾಮ. ಹೆಸರು ಹಿಡಿದು ಮಾತಾಡಿಸುವುದು, ಕೈ ಹಿಡಿಯುವುದು, ಮತ ಕೇಳುವುದು. ಹೀಗೆ ಸುತ್ತಾಡುವುದನ್ನು ‘ಆಂಬಿಟಿಯೊ’ ಅನ್ನುತ್ತಿದ್ದರು. ಇಂಗ್ಲಿಷಿನ ‘ಆಂಬಿಷನ್’ ಬಂದದ್ದು ಅದರಿಂದಲೇ. ಮತ ಕೇಳಲೆಂದು ಬಟ್ಟೆಗೆ ಬಿಳುಪು ಹಚ್ಚಕೂಡದು ಎಂದು ಕ್ರಿ.ಪೂ. 432ರಲ್ಲೇ ಕಾನೂನು ತಂದರೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ರೂಢಿ ನಿಲ್ಲಲಿಲ್ಲ. ಕ್ರಿ.ಪೂ. 64ರಲ್ಲಿ ರೋಮಿನ ಅತ್ಯುನ್ನತ ಹುದ್ದೆಯಾದ ಕಾನ್ಸಲ್ ಪದವಿಗೆ ನಿಂತ ವಾಗ್ಮಿ ಸಿಸೆರೊ ಎದುರಾಳಿಗಳ ಮೇಲೆ ಹರಿಹಾಯ್ದ ಭಾಷಣಕ್ಕೆ ‘ಬಿಳಿ ಟೋಗಾದಲ್ಲಿ’ ಎಂದೇ ಹೆಸರು.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೂ ಹಿಂದಿನದು. ರೋಮನ್ನರ ಭಾಷೆಯಾದ ಲ್ಯಾಟಿನ್ನಿನಲ್ಲಿ ‘ಕಂದೇರೆ’ ಎಂದರೆ ಹೊಳೆಯುವುದು, ಬೆಳಗುವುದು. ‘ಕ್ಯಾಂಡಿಡೇಟ್’ನ ಬೇರು ಅದೇ. ಕ್ಯಾಂಡಲ್ ಕೂಡ ಅದೇ ಬಳ್ಳಿಯದು. ಸಂಸ್ಕೃತದ ‘ಚಂದ್ರ’ನೂ ಅದೇ ಬೇರಿನವನು! ಲ್ಯಾಟಿನ್ನಿನ ಕಕಾರ ಇರುವೆಡೆ ಸಂಸ್ಕೃತದಲ್ಲಿ ಚಕಾರ ಬರುವುದುಂಟು. ನಾಲ್ಕು ಎನ್ನಲು ಅಲ್ಲಿ ‘ಕ್ವಾಟುವರ್’, ಇಲ್ಲಿ ‘ಚತುರ್’. ವೇದದ ಭಾಷೆಯಲ್ಲಿ ‘ಶ್ಚಂದ್ರ’ ಎಂಬ ಹಳೆಯ ರೂಪವಿತ್ತು. ‘ಹರಿಶ್ಚಂದ್ರ’ ಎನ್ನುವಾಗ ನಡುವೆ ಕೇಳುವ ಆ ‘ಶ್’ ಅದರದ್ದೇ ಉಳಿಕೆ.

ಇನ್ನು ನಮ್ಮ ಪದಗಳು. ‘ಹುರಿಯಾಳು’ ಅಂದರೆ ಕಾದಾಡುವ ವೀರ. ‘ಉಮೇದುವಾರ’ ಪಾರಸಿಯಿಂದ ಬಂದದ್ದು, ಉಮೇದು ಎಂದರೆ ಆಸೆ. ಆಸೆ ಹೊತ್ತು ನಿಂತವನು. ‘ಅಭ್ಯರ್ಥಿ’ ಸಂಸ್ಕೃತದ್ದು: ಅಭ್ಯರ್ಥನೆ ಎಂದರೆ ಕೋರಿಕೆ, ಹಾಗಾಗಿ ಅಭ್ಯರ್ಥಿ ಕೈಯೊಡ್ಡಿ ಕೇಳುವವನು. ಮೂರರಲ್ಲಿ ನನ್ನ ಮತ ಇದಕ್ಕೇ. ಕೊಡುವವರು ಮತದಾರರು, ಬೇಡುವವರು ಇವರು ಎಂಬುದನ್ನು ಪದವೇ ಹೇಳುತ್ತದೆ. ರೋಮನ್ನರಿಗೂ ಇದು ಗೊತ್ತಿತ್ತು. ಸ್ಪರ್ಧಿಗೆ ಅವರಲ್ಲಿ ‘ಪೆಟಿಟರ್’ ಎಂಬ ಇನ್ನೊಂದು ಹೆಸರಿತ್ತು, ಕೇಳಿಕೊಂಡು ಬಂದವನು ಎಂದು. ‘ಅಭ್ಯರ್ಥಿ’ಗೆ ಸರಿಸಾಟಿ ಆ ಪದ, ಇಂಗ್ಲಿಷಿನವರು ಆರಿಸಿಕೊಂಡದ್ದು ಬಟ್ಟೆಯ ಹೆಸರನ್ನು.