ಮೇಣದಬತ್ತಿ ಜಾಡಿಯಲ್ಲಿ ಬೆಳೆದ ಮಲೇರಿಯಾ

ಮನುಷ್ಯರಿಗೆ ಬರುವ ಮಲೇರಿಯಾಗಳಲ್ಲಿ ಅತಿ ಮಾರಕವಾದದ್ದು ಫಾಲ್ಸಿಪಾರಂ. 1976ರವರೆಗೆ ಅದರ ಮೇಲೆ ಯಾವ ಪ್ರಯೋಗ ಮಾಡಬೇಕಿದ್ದರೂ ರೋಗಿಯ ರಕ್ತ ಬೇಕಿತ್ತು, ಇಲ್ಲವೇ ಸೋಂಕು ಹತ್ತಿಸಿದ ಕೋತಿ ಬೇಕಿತ್ತು. ಬಾಸ್ ಮತ್ತು ಜಾನ್ಸ್ ಎಂಬಿಬ್ಬರು 1912ರಲ್ಲೇ ಅದರ ಪರೋಪಜೀವಿಯನ್ನು ಗಾಜಿನ ಕೊಳವೆಯಲ್ಲಿ ಕೆಲವು ಪೀಳಿಗೆಗಳ ತನಕ ಬೆಳೆಸಿದ್ದರು. ಆಮೇಲೆ ಅದು ಸಾಯುತ್ತಿತ್ತು. ನಿಲ್ಲದಂತೆ ಬೆಳೆಸುವ ದಾರಿ ಸಿಗಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ದಾರಿ ತೋರಿಸಿದವರು ವಿಲಿಯಂ ಟ್ರೇಗರ್ (1910–2005) ಮತ್ತು ಅವರ ಕಿರಿಯ ಸಹೋದ್ಯೋಗಿ ಜೇಮ್ಸ್ ಜೆನ್ಸನ್.

ಅಮೆರಿಕದ ರಾಕ್‌ಫೆಲರ್ ಸಂಸ್ಥೆಯನ್ನು ಟ್ರೇಗರ್ 1934ರಲ್ಲಿ ಸೇರಿದರು. ರೇಷ್ಮೆಹುಳುವಿನ ಅಂಗಾಂಶವನ್ನು ದೇಹದ ಹೊರಗೆ ಬದುಕಿಸುವುದು, ಬ್ಯಾಕ್ಟೀರಿಯಾ ಸೋಂಕಿಲ್ಲದ ಆಹಾರದಲ್ಲಿ ಸೊಳ್ಳೆಮರಿ ಸಾಕುವುದು ಅವರ ಆರಂಭದ ಕೆಲಸಗಳು. ಮೇಲ್ನೋಟಕ್ಕೆ ಇವಕ್ಕೂ ಮಲೇರಿಯಾಕ್ಕೂ ಸಂಬಂಧವಿಲ್ಲ. ಆದರೆ ಅವರ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಈ ಜೀವಕ್ಕೆ ಬದುಕಲು ನಿಖರವಾಗಿ ಏನೇನು ಬೇಕು? ಬಾತುಕೋಳಿಯ ಮಲೇರಿಯಾ ಪರೋಪಜೀವಿಯನ್ನು ರಕ್ತಕಣದಿಂದ ಹೊರತೆಗೆದು ಬದುಕಿಸಲು ಹೊರಟಾಗ, ಜೀವಕೋಶದ ರಾಸಾಯನಿಕ ಕ್ರಿಯೆಗಳಿಗೆ ನೆರವಾಗುವ ಕೋಎನ್‌ಜೈಮ್ ಎ ಕೊಟ್ಟರೆ ಅದು ಹೆಚ್ಚು ಕಾಲ ಉಳಿಯುತ್ತದೆಂದು 1950ರ ದಶಕದಲ್ಲಿ ತೋರಿಸಿದರು. 1966ರಲ್ಲಿ ಸಹೋದ್ಯೋಗಿಗಳೊಡನೆ ಫಾಲ್ಸಿಪಾರಂ ಸೋಂಕಿದ ರಕ್ತಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಮೇಲ್ಮೈಯಲ್ಲಿನ ಸಣ್ಣ ಗುಬುಟುಗಳನ್ನು ವಿವರಿಸಿದರು. ಇಂಥ ಕಣಗಳು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಬಲಿತ ಪರೋಪಜೀವಿಗಳು ಅಪರೂಪಕ್ಕಷ್ಟೇ ಕಾಣುವುದಕ್ಕೆ ಕಾರಣ ಇದೇ.

1976ರ ವಿಧಾನದಲ್ಲಿ ದುಬಾರಿ ಸಾಮಾನು ಏನೂ ಇರಲಿಲ್ಲ. ಬಿಳಿರಕ್ತಕಣ ಬೆಳೆಸಲೆಂದೇ ತಯಾರಾಗಿದ್ದ ಆರ್‌ಪಿಎಂಐ 1640 ಎಂಬ ದ್ರಾವಣ, ಆಮ್ಲತೆ ಏರದಂತೆ ಹಿಡಿದಿಡಲು ಹೆಪಿಸ್ ಮತ್ತು ಸೋಡಿಯಂ ಬೈಕಾರ್ಬೊನೇಟ್, ಶೇ. 10ರಷ್ಟು ಮನುಷ್ಯರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ), ತೊಳೆದ ಕೆಂಪು ರಕ್ತಕಣ. ರಕ್ತನಿಧಿಯಲ್ಲಿ ಅವಧಿ ಮುಗಿದ ರಕ್ತದ ಕಣಗಳೂ ಆಗುತ್ತವೆ ಎಂದು ಮರುವರ್ಷ ಇಬ್ಬರೂ ವರದಿ ಮಾಡಿದರು. ಸೀರಮ್ ಮತ್ತು ಕಣಗಳ ಗುಂಪು ಹೊಂದಬೇಕು, ಇಲ್ಲದಿದ್ದರೆ ಕಣಗಳು ಗಂಟುಕಟ್ಟುತ್ತವೆ. ಎಬಿ ಗುಂಪಿನ ಸೀರಮ್ ಆದರೆ ಆ ಚಿಂತೆ ಇಲ್ಲ.

ಈ ಮಿಶ್ರಣವನ್ನು ಪುಟ್ಟ ಪೆಟ್ರಿ ತಟ್ಟೆಗೆ ತೆಳುವಾಗಿ ಹಾಕಿ, ತಟ್ಟೆಗಳನ್ನು ಡೆಸಿಕೇಟರ್ ಎಂಬ, ನಲ್ಲಿಯಿರುವ ಮುಚ್ಚಳದ ಗಾಜಿನ ಜಾಡಿಯಲ್ಲಿ ಇಡುತ್ತಾರೆ. ಒಳಗೊಂದು ಮೇಣದಬತ್ತಿ ಹಚ್ಚಿ, ನಲ್ಲಿ ತೆರೆದೇ ಮುಚ್ಚಳ ಹಾಕಬೇಕು. ಬತ್ತಿ ಆರುತ್ತಿದ್ದಂತೆ ನಲ್ಲಿ ತಿರುಗಿಸಿ ಬಂದ್ ಮಾಡಬೇಕು. ಆಗ ಒಳಗಿನ ಆಮ್ಲಜನಕ ಶೇ. 21ರಿಂದ ಸುಮಾರು 15–17ಕ್ಕೆ ಇಳಿದು, ಇಂಗಾಲದ ಡೈಆಕ್ಸೈಡ್ ಶೇ. 3ರ ಆಸುಪಾಸಿಗೆ ಏರಿರುತ್ತದೆ. ಜಾಡಿ ಹಾಗೆಯೇ 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಹೋಗುತ್ತದೆ.

ಗೆಲುವಿನ ಗುಟ್ಟು ಎರಡು: ಕಡಿಮೆ ಆಮ್ಲಜನಕ, ಮತ್ತು ಅಲುಗಾಡಿಸದೆ ಬಿಡುವುದು. ತಳದಲ್ಲಿ ಕಣಗಳು ಒತ್ತೊತ್ತಾಗಿ ಕೂತಿದ್ದರೆ, ಒಡೆದ ಕಣದಿಂದ ಹೊರಬಂದ ಪರೋಪಜೀವಿ ಮರಿಗಳಿಗೆ ಹೊಸ ಕಣ ಪಕ್ಕದಲ್ಲೇ ಸಿಗುತ್ತದೆ. ಹೊರಗೆ ಅವುಗಳ ಆಯಸ್ಸು ಕೆಲವೇ ನಿಮಿಷ. ಪದರ ದಪ್ಪವಾದರೆ ಅನಿಲ ಕೆಳಗಿಳಿಯುವುದಿಲ್ಲ, ಅದಕ್ಕೇ ದ್ರಾವಣ ತೆಳುವಾಗಿರಬೇಕು.

ದಿನಕ್ಕೊಮ್ಮೆ ತಟ್ಟೆಯನ್ನು ಮೆಲ್ಲಗೆ ವಾಲಿಸಿ, ತಳ ಕದಡದಂತೆ ಹಳೆಯ ದ್ರಾವಣ ಹೀರಿ ಹೊಸದು ಹಾಕಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ರಕ್ತಕಣ ಸೇರಿಸಬೇಕು. ಕೈ ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ಪರೋಪಜೀವಿ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಸೋಂಕಿದ ಕಣಗಳ ಪಾಲು ಹೆಚ್ಚಾದಷ್ಟೂ ದ್ರಾವಣ ಬೇಗ ಹುಳಿಯಾಗುತ್ತದೆ, ಒಂದು ದಿನ ಮರೆತರೂ ಸಾಕು. ಜೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಎಳೆಯ ಪರೋಪಜೀವಿಗಳ ಚೊಕ್ಕ ಉಂಗುರಗಳ ಬದಲು ಮುದುಡಿದ ಕಪ್ಪು ಚುಕ್ಕೆಗಳು ಕಂಡರೆ ಆ ತಟ್ಟೆಯ ಆಸೆ ಬಹುಪಾಲು ಮುಗಿಯಿತು. ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ: ಬಹುಕಾಲ ಹೀಗೆ ಬೆಳೆಸಿದರೆ ಗುಬುಟುಗಳೇ ಇಲ್ಲದ ತಳಿ ಮೇಲುಗೈ ಸಾಧಿಸಬಹುದು. ತಟ್ಟೆಯಲ್ಲಿ ಅಂಟಿಕೊಳ್ಳಬೇಕಾದ ಅಗತ್ಯವೇ ಇಲ್ಲವಲ್ಲ! ರೋಗಿಯೊಳಗಿನ ವರ್ತನೆ ತಿಳಿಯಬೇಕೆನ್ನುವವರು ಇದನ್ನು ಆಗಾಗ ಪರೀಕ್ಷಿಸಲೇಬೇಕು.

ಈ ವಿಧಾನ ಬಂದಮೇಲೆ ಮಲೇರಿಯಾ ಸಂಶೋಧನೆಯ ಚಹರೆಯೇ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಔಷಧ ನಿರೋಧವನ್ನು ಅಳೆಯುವುದು, ಪರೋಪಜೀವಿಯ ಜೀನ್‌ಗಳನ್ನು ತಿದ್ದುವುದು ಎಲ್ಲವೂ ಇದರ ಮೇಲೆ ನಿಂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ, ಹಿಮೊಗ್ಲೋಬಿನ್ನಿನ ನಡುವೆಯೇ ಬದುಕುವ ಈ ಪರೋಪಜೀವಿ ತನ್ನ ಹೀಮ್ ಅನ್ನು (ಹಿಮೊಗ್ಲೋಬಿನ್ನಿನಲ್ಲೂ ಇರುವ, ಕಬ್ಬಿಣವುಳ್ಳ ಅಣು) ತಾನೇ ತಯಾರಿಸಬಲ್ಲದು ಎಂದು 1990ರ ದಶಕದ ಆರಂಭದಲ್ಲಿ ತೋರಿಸಿದ್ದೂ ಬೆಳೆಸಿದ ಫಾಲ್ಸಿಪಾರಂ ಇದ್ದುದರಿಂದಲೇ.

ಭಾರತದಲ್ಲಿ ವ್ಯಾಪಕವಾಗಿರುವ ಇನ್ನೊಂದು ಮಲೇರಿಯಾ, ವೈವಾಕ್ಸ್, ಈ ಜಾಡಿಗೆ ಒಗ್ಗಲಿಲ್ಲ. ಅದು ಮುಖ್ಯವಾಗಿ ಹೊಕ್ಕುವುದು ಆಗಷ್ಟೇ ಮಜ್ಜೆಯಿಂದ ಹೊರಬಂದ ಎಳೆಯ ರಕ್ತಕಣಗಳನ್ನು. ಆರೋಗ್ಯವಂತರ ರಕ್ತದಲ್ಲಿ ಅವು ನೂರಕ್ಕೆ ಒಂದೋ ಎರಡೋ ಇರುತ್ತವೆ, ಒಂದೆರಡು ದಿನದಲ್ಲಿ ಬಲಿತೂ ಬಿಡುತ್ತವೆ. ಹೀಗಾಗಿ ವೈವಾಕ್ಸ್ ಬಗ್ಗೆ ಕೆಲಸ ಮಾಡುವವರು ಈಗಲೂ ಬಹುಮಟ್ಟಿಗೆ ರೋಗಿಗಳಿಂದ ಆಗಷ್ಟೇ ತೆಗೆದ ರಕ್ತವನ್ನೇ ನೆಚ್ಚಿಕೊಂಡಿದ್ದಾರೆ.